ಮುನ್ನೂರ ಹದಿನೇಳನೆಯ ತುಂಡು

2021ರ ಮಾರ್ಚ್ 9, ಮಂಗಳವಾರ. ಮಧ್ಯಾಹ್ನ 12 ಗಂಟೆ 58 ನಿಮಿಷ.

ಶಟರ್‌ಗೆ ಮೊದಲ ಒದೆ ಬಿತ್ತು.

ಪರದೆಯ ಮೇಲೆ 283.

ನನಗೆ ಬೇಕಾಗಿದ್ದದ್ದು 359.

"ಒಳಗಿದಾನೆ, ಗೊತ್ತು! ಎತ್ತು ಶಟರ್ನ!"

ದನಿಯ ಗುರುತು ಸಿಕ್ಕಿತು. ಕಾರ್ಖಾನೆಯ ಸೆಕ್ಯುರಿಟಿ ಮುಖ್ಯಸ್ಥ. ಕೆಲಸಗಾರರು ಅವನನ್ನು ಗೂಳಿ ಎನ್ನುತ್ತಾರೆ. ಅವನ ಕುತ್ತಿಗೆ ನೋಡಿದವರು ಯಾಕೆಂದು ಕೇಳುವುದಿಲ್ಲ.

ನಾನಿದ್ದದ್ದು ಒಂದು ಜೆರಾಕ್ಸ್ ಅಂಗಡಿಯ ಹಿಂಕೋಣೆಯಲ್ಲಿ. ಸುತ್ತ ಕಾಗದದ ರಿಮ್ಮುಗಳು, ಟೋನರ್ ವಾಸನೆ, ತೊಡೆಯ ಮೇಲೆ ಹಳೇ ಲ್ಯಾಪ್‌ಟಾಪ್. ಅದು ಏದುಸಿರು ಬಿಡುತ್ತಿತ್ತು. ನಾನೂ ಬಿಡುತ್ತಿದ್ದೆ.

284.

ಅಂಗಡಿಯ ಒಡತಿಗೆ ಎಪ್ಪತ್ತೊಂದು ವರ್ಷ. ಎಲ್ಲರಿಗೂ ಜೆರಾಕ್ಸ್ ಅಜ್ಜಿ. ನನ್ನ ಕಡೆ ತಿರುಗಿ ಪಿಸುಗುಟ್ಟಿದಳು.

"ಎಷ್ಟು ಹೊತ್ತು ಬೇಕಪ್ಪಾ?"

"ಏಳು ನಿಮಿಷ."

"ಅಷ್ಟೇನಾ?"

ಅಜ್ಜಿ ಶಟರ್ ಬಳಿ ಕುರ್ಚಿ ಎಳೆದುಕೊಂಡು ಕೂತಳು.

"ಯಾರಪ್ಪಾ ಅದು? ಎಷ್ಟು ಪ್ರತಿ ಬೇಕು?"

"ಅಜ್ಜೀ, ಬಾಗಿಲು ತೆಗಿ!"

"ಬಣ್ಣದ್ದೋ, ಕಪ್ಪುಬಿಳುಪೋ?"

"ಒಡೆದು ಹಾಕ್ತೀನಿ!"

"ಒಡೆಯೋದಾದ್ರೆ ಎಡಗಡೆಯಿಂದ ಒಡಿ ಮಗಾ. ಬಲಗಡೆ ಹೋದ ವರ್ಷ ರಿಪೇರಿ ಮಾಡಿಸಿದೀನಿ."

ನಾನು ಆ ಪೆಟ್ಟಿಗೆಯಂಥ ಕೋಣೆಗೆ ಹೇಗೆ ಬಂದು ಬಿದ್ದೆ ಅಂತೀರಾ? ಕೇಳಿ. ಏಳು ನಿಮಿಷ ಇದೆಯಲ್ಲ.

ಕಳೆದುಹೋದ ಫೈಲು ಹುಡುಕಿಕೊಡುವುದು ನನ್ನ ಕಸುಬು. ಸತ್ತ ಡಿಸ್ಕ್, ಅಳಿಸಿದ ಫೋಟೋ, ಅಳಿಸಿಲ್ಲವೆಂದು ಆಣೆ ಮಾಡುವ ಪಾಲುದಾರ... ಎಲ್ಲ ನೋಡಿದ್ದೇನೆ. ಓದಿದ್ದು ಭೌತಶಾಸ್ತ್ರ, ಎಂ.ಎಸ್ಸಿ. ಪ್ರಯೋಗಾಲಯ ನನಗೆ ಎರಡೇ ಪಾಠ ಕಲಿಸಿತು. ಅಳೆಯುವ ಮೊದಲು ಎಣಿಸು. ಎಣಿಸಿದವನನ್ನೂ ಅನುಮಾನಿಸು.

ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ಅಕ್ಕ ಬಂದಳು. ಚಪ್ಪಲಿಯನ್ನೂ ಬಿಡಲಿಲ್ಲ.

"ಲೋ, ನಿಮ್ಮ ಭಾವನ್ನ ಜೈಲಿಗೆ ಹಾಕ್ತಾರಂತೆ ಕಣೋ. ಇವತ್ತು ನಾಲ್ಕು ಗಂಟೆಯೊಳಗೆ ಸಾಕ್ಷಿ ಕೊಡದಿದ್ರೆ ಮುಗೀತಂತೆ."

ಭಾವ ಕಾರ್ಖಾನೆಯಲ್ಲಿ ಬಾಯ್ಲರ್ ಆಪರೇಟರ್. ಫೆಬ್ರವರಿ 28ರ ರಾತ್ರಿ 9 ಗಂಟೆ 47 ನಿಮಿಷಕ್ಕೆ ಬಾಯ್ಲರ್ ಸಿಡಿಯಿತು. ಬೂದಿ ತೆಗೆಯುವವನು ಅಲ್ಲೇ ಸತ್ತ. ಭಾವನ ಎರಡು ಕೈಯೂ ಬೆಂದವು. ಆಸ್ಪತ್ರೆಯ ಮಂಚದ ಮೇಲೆ ಅವನು, ಬಾಗಿಲ ಬಳಿ ಸ್ಟೂಲಿನ ಮೇಲೆ ಪೊಲೀಸ್.

ಪ್ರತಿ ಬಾಯ್ಲರ್‌ಗೂ ಒಂದು ಸೇಫ್ಟಿ ವಾಲ್ವ್ ಇರುತ್ತದೆ. ಒಳಗಿನ ಒತ್ತಡ ಗೆರೆ ಮುಟ್ಟಿದ ಕೂಡಲೇ ತಾನೇ ಬಾಯಿ ಬಿಟ್ಟು ಹಬೆ ಉಗುಳುತ್ತದೆ. ಇಲ್ಲಿ ಆ ಗೆರೆ 10.5 ಬಾರ್. ಅವತ್ತು ವಾಲ್ವ್ ಬಾಯಿ ಬಿಡಲಿಲ್ಲ. ಮ್ಯಾನೇಜರ್ ತನಿಖೆಯಲ್ಲಿ ಹೇಳಿಕೆ ಕೊಟ್ಟ: ಹಬೆ ಸೋರುತ್ತದೆಂದು ಆಪರೇಟರೇ ಆ ರಾತ್ರಿ ತಿರುಪು ಬಿಗಿದ, ಬಿಗಿದು ನಿದ್ದೆ ಹೊಡೆದ!

ಅಕ್ಕನ ಮುಷ್ಟಿಯಲ್ಲಿ ಒಂದು ಪೆನ್‌ಡ್ರೈವ್. ಅಕ್ಕನ ಹಿಂದೆ ಒಬ್ಬ ಸಣಕಲ ಮನುಷ್ಯ. ಜೇಬಿನಲ್ಲಿ ಸ್ಕ್ರೂಡ್ರೈವರ್.

ಮೀಟರ್ ಅಣ್ಣ. ಕಾರ್ಖಾನೆಯ ಮೀಟರುಗಳನ್ನೆಲ್ಲ ನೋಡಿಕೊಳ್ಳುವವನು. ಭಾವನೂ ಅವನೂ ಇಪ್ಪತ್ತು ವರ್ಷ ಒಂದೇ ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿದವರು.

"ನಮ್ಮನೆಯವರು ಆಸ್ಪತ್ರೆಯಿಂದ ಹೇಳಿ ಕಳಿಸಿದ್ರು, ಮೀಟರ್ ರೆಕಾರ್ಡ್ ಕೇಳಿ ಇಸ್ಕೋ ಅಂತ," ಎಂದಳು ಅಕ್ಕ. "ಪಾಪ, ಅಣ್ಣ ತಂದುಕೊಟ್ರು."

"ಡಿಸೆಂಬರ್ ಒಂದರಿಂದ ಸಿಡಿಯೋ ಗಳಿಗೆವರೆಗೂ ಇದೆ ತಮ್ಮಾ," ಎಂದ ಮೀಟರ್ ಅಣ್ಣ. "ಸೆಕೆಂಡಿಗೆ ಇಪ್ಪತ್ತು ಸಾಲು. ಸಾಲಿಗೆ ಅರವತ್ತು ಮೀಟರ್."

ತೆರೆದು ನೋಡಿದೆ. ಬರೀ ಅಂಕಿ. ಅಂಕಣಗಳಿಗೆ ಹೆಸರೇ ಇಲ್ಲ.

"ಇದರಲ್ಲಿ ಬಾಯ್ಲರ್ ಒತ್ತಡ ಯಾವುದಣ್ಣಾ?"

"ಆ ಪಟ್ಟಿ ಬೆಂಕೀಲಿ ಹೋಯ್ತಲ್ಲ..."

"ನೆನಪಿಲ್ವಾ?"

"ಅರವತ್ತು ಮೀಟರ್! ಯಾರಿಗೆ ನೆನಪಿರತ್ತೆ?"

ಇಪ್ಪತ್ತು ವರ್ಷ ಅದೇ ಮೀಟರುಗಳನ್ನು ಒರೆಸಿದವನಿಗೆ ನೆನಪಿಲ್ಲವಂತೆ. ಮನಸ್ಸು ಸುಮ್ಮನಾಗಲಿಲ್ಲ.

"ನಡುವೆ ಎಲ್ಲಾದ್ರೂ ರೀಡಿಂಗ್ ಬಿಟ್ಟುಹೋಗಿದ್ಯಾ?"

"ನನ್ನ ರೆಕಾರ್ಡ್‌ನಲ್ಲಾ? ಒಂದು ಸಾಲೂ ಖಾಲಿ ಇಲ್ಲ! ಮೀಟರ್ ಸತ್ತರೆ ನಿನ್ನೆ ಅದೇ ಹೊತ್ತಿನ ರೀಡಿಂಗ್ ತಂದು ಅಲ್ಲಿ ತುಂಬ್ತೀನಿ."

"ಅದು ಮೋಸ ಅಲ್ವಾ?"

"ಪದ್ಧತಿ ತಮ್ಮಾ, ಪದ್ಧತಿ! ಬಾಯ್ಲರ್‌ಗೆ ಭಾನುವಾರ ಗೊತ್ತಾ, ಸೋಮವಾರ ಗೊತ್ತಾ? ನಿನ್ನೆ ಇದ್ದ ಹಾಗೇ ಇವತ್ತು."

ಅಕ್ಕ ನಕ್ಕಳು. ಒಂಬತ್ತು ದಿನಗಳಲ್ಲಿ ಮೊದಲ ಸಲ.

ಸಮಸ್ಯೆ ಬೇರೆಯೇ ಇತ್ತು. ಎಲ್ಲವೂ ಸೇರಿ ಒಂದೇ ಫೈಲು, ಕುಗ್ಗಿಸಿದ್ದು, 7.8 ಜಿಬಿ. ತನಿಖಾ ಕಚೇರಿಗೆ ಹೋಗಿ ಗುಮಾಸ್ತರನ್ನು ಕೇಳಿದೆ. ಅವರು ಕನ್ನಡಕದ ಮೇಲಿನಿಂದ ನೋಡಿದರು.

"ಒಂದೊಂದು ಫೈಲು ಇಪ್ಪತ್ತೈದು ಎಂಬಿ ಒಳಗಿರಬೇಕು. ಮೇಲಾದ್ರೆ ನಮ್ಮ ಮೆಷಿನ್ ತಗೊಳಲ್ಲ. ನಾಲ್ಕು ಗಂಟೆ ಮೇಲಾದ್ರೆ ನಾನು ತಗೊಳಲ್ಲ."

ಹೊರಗೆ ಕಾರಿಡಾರ್‌ನಲ್ಲಿ ಮೀಟರ್ ಅಣ್ಣ ಕಾಯುತ್ತಿದ್ದ.

"ಅಷ್ಟೇ ತಾನೆ? ಕೊಡು, ನಾನೇ ಕತ್ತರಿಸ್ತೀನಿ. ಇಪ್ಪತ್ತೈದು ಎಂಬಿಗೊಂದು ಕಟ್. ಎರಡು ನಿಮಿಷದ ಕೆಲಸ."

"ಬೇಡಣ್ಣಾ."

"ಯಾಕೆ?"

ಯಾಕೆಂದು ನಿಮಗೆ ಹೇಳುತ್ತೇನೆ. ಹಳೇ ಕಚೇರಿ ರಿಜಿಸ್ಟರ್ ನೋಡಿದ್ದೀರಲ್ಲ? ಮೊದಲ ಸಾಲಿನಲ್ಲಿ ಪೂರ್ತಿ ವಿಳಾಸ. ಆಮೇಲೆ ಪುಟಗಟ್ಟಲೆ ಸದರಿ, ಸದರಿ, ಸದರಿ. ಕುಗ್ಗಿಸಿದ ಫೈಲೂ ಹಾಗೇ. ಹಿಂದೆ ಬರೆದದ್ದನ್ನು ಮತ್ತೆ ಬರೆಯುವುದಿಲ್ಲ, "ಸದರಿ" ಎಂದು ಗುರುತು ಹಾಕಿ ಮುಂದೆ ಹೋಗುತ್ತದೆ. ಅದಕ್ಕೇ ಅದು ಚಿಕ್ಕದು.

ಅಂಥ ರಿಜಿಸ್ಟರನ್ನು ಕತ್ತರಿಯಿಂದ ಕಚಕ್ಕೆಂದು ತುಂಡು ಮಾಡಿ. ನಡುವಿನ ಒಂದು ತುಂಡು ಕಳೆಯಿರಿ. ಆಮೇಲಿನ ಪುಟಗಳಲ್ಲಿ ಸದರಿ ಎಂದರೆ ಯಾರು? ದೇವರೇ ಬಲ್ಲ. ಒಂದು ತುಂಡು ಹೋದರೆ ಮುಂದಿನದೆಲ್ಲ ಸತ್ತಂತೆ!

ಮೀಟರ್ ಅಣ್ಣನಿಗೆ ಇದು ಗೊತ್ತಿಲ್ಲವೋ? ಅಥವಾ ಚೆನ್ನಾಗಿಯೇ ಗೊತ್ತೋ?

ಆ ಪ್ರಶ್ನೆಯನ್ನು ಜೇಬಿಗೆ ಹಾಕಿಕೊಂಡು ನನ್ನ ಕೋಣೆಗೆ ಹೋದೆ. ಬೀಗ ಒಡೆದಿತ್ತು. ಮೇಜಿನ ಡ್ರಾಯರುಗಳೆಲ್ಲ ನೆಲದ ಮೇಲೆ. ಹಾಸಿಗೆ ಸೀಳಿತ್ತು. ಪೆನ್‌ಡ್ರೈವ್ ನನ್ನ ಅಂಗಿಯ ಜೇಬಿನಲ್ಲೇ ಇದ್ದದ್ದು ಪುಣ್ಯ.

ಲ್ಯಾಪ್‌ಟಾಪ್ ಬಗಲಲ್ಲಿತ್ತು. ನೇರ ಜೆರಾಕ್ಸ್ ಅಜ್ಜಿಯ ಹತ್ತಿರ ನಡೆದೆ.

ಫೈಲನ್ನು ಬಿಚ್ಚಿದರೆ 62 ಜಿಬಿ ಆಗುತ್ತದೆ. ನನ್ನ ಡಿಸ್ಕಿನಲ್ಲಿ ಖಾಲಿ ಇದ್ದದ್ದು 9. ಬಿಚ್ಚಿ ಹರವಲು ಜಾಗವಿಲ್ಲ. ಆರು ಸಾಲಿನ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಆಜ್ಞೆ, ಬರೆದೆ. ಒಂದು ತುದಿಯಿಂದ ಬಿಚ್ಚುತ್ತಾ ಬರಬೇಕು. ಬಿಚ್ಚಿದ್ದು ಡಿಸ್ಕ್ ಮುಟ್ಟಬಾರದು, ಕೊಳಾಯಿಯ ನೀರಿನ ಹಾಗೆ ನೇರ ಮುಂದಕ್ಕೆ ಹರಿಯಬೇಕು. 4,32,000 ಸಾಲು ಹರಿದ ಕೂಡಲೇ ಕತ್ತರಿ! ಸಾಲಿನ ನಡುವೆ ಅಲ್ಲ, ಸಾಲಿನ ತುದಿಗೆ. ಕತ್ತರಿಸಿದ್ದನ್ನು ಅಲ್ಲೇ ಮತ್ತೆ ಕುಗ್ಗಿಸಬೇಕು. ಆಗ ಪ್ರತಿ ತುಂಡಿಗೂ ತನ್ನದೇ ಮೊದಲ ಸಾಲು, ತನ್ನದೇ ಸದರಿ. ಯಾವ ತುಂಡನ್ನಾದರೂ ಒಂಟಿಯಾಗಿ ತೆರೆಯಬಹುದು.

4,32,000 ಸಾಲು ಎಂದರೆ ಸರಿಯಾಗಿ ಆರು ಗಂಟೆ. ದಿನಕ್ಕೆ ನಾಲ್ಕು ತುಂಡು. ತೊಂಬತ್ತು ದಿನಕ್ಕೆ 360. ಎಣಿಕೆ ಸೊನ್ನೆಯಿಂದ, ಕೊನೆಯದು 359. ತುಂಡಿಗೆ ಸುಮಾರು 21.6 ಎಂಬಿ. ಗುಮಾಸ್ತರ ಗೆರೆಯೊಳಗೆ.

ಇನ್ನೆರಡು ಕೆಲಸ ಸೇರಿಸಿದೆ. ಅನುಮಾನ ನನ್ನ ಹುಟ್ಟುಗುಣ. ಪ್ರತಿ ತುಂಡಿನದೂ ಒಂದು ನಕಲು, ಉಗುರಿನಷ್ಟಿರುವ ಮೆಮೊರಿ ಕಾರ್ಡಿಗೆ. ಪ್ರತಿ ತುಂಡಿನದೂ ಒಂದು ಬೆರಳಚ್ಚು. ಕಂಪ್ಯೂಟರಿನವರು ಚೆಕ್‌ಸಮ್ ಎನ್ನುತ್ತಾರೆ. ಫೈಲಿನ ಅಷ್ಟೂ ಅಕ್ಷರಗಳನ್ನು ಹಿಂಡಿ ತೆಗೆದ ಒಂದು ಉದ್ದ ಸಂಖ್ಯೆ. ಒಳಗೆ ಒಂದು ಚುಕ್ಕೆ ಬದಲಾದರೂ ಅದು ಪೂರ್ತಿ ಬೇರೆಯಾಗುತ್ತದೆ.

12 ಗಂಟೆ 31ಕ್ಕೆ ಸ್ಕ್ರಿಪ್ಟ್ ಓಡಿಸಿದೆ.

12 ಗಂಟೆ 40ಕ್ಕೆ ಮೀಟರ್ ಅಣ್ಣನ ಫೋನ್. "ಎಲ್ಲಿದೀಯ ತಮ್ಮಾ? ಸಹಾಯ ಬೇಕಾ?"

ಹೇಳಿದೆ. ತನಿಖಾ ಕಚೇರಿಯಲ್ಲಿ ಅವನ ಪಕ್ಕ ಅಕ್ಕ ಇದ್ದಳು. ಗುಮಾಸ್ತರ ಟೇಬಲ್ಲೂ ಅಲ್ಲೇ. ಮೂರು ಜೊತೆ ಕಿವಿ.

ಹದಿನೆಂಟು ನಿಮಿಷಕ್ಕೆ ಗೂಳಿ ಬಂದ.

356... 357... 358...

ಶಟರಿನ ಎಡಗಡೆ ಬಾಗತೊಡಗಿತು. ಅಜ್ಜಿಯ ಮಾತನ್ನು ಕೇಳಿದ್ದ, ಒಳ್ಳೆಯವನು!

359.

"ಅಜ್ಜೀ, ಪ್ರಿಂಟ್!"

ಬೆರಳಚ್ಚಿನ ಪಟ್ಟಿ, ಆರು ಪುಟ. ಬಿಸಿಬಿಸಿಯಾಗಿ ಬಂತು. ಮಡಿಸಿ ಅಂಗಿಯೊಳಗೆ ತುರುಕಿದೆ. ಮೆಮೊರಿ ಕಾರ್ಡ್ ಕನ್ನಡಕದ ಡಬ್ಬಿಗೆ ಹೋಯಿತು. ಪೆನ್‌ಡ್ರೈವ್ ಜೇಬಿಗೆ.

ಹಿಂಬಾಗಿಲು ತೆರೆದೆ. ಅಲ್ಲೊಬ್ಬ ನಿಂತಿದ್ದ! ಗೂಳಿಯ ಬಲಗೈ ಬಂಟ.

ಅವನ ಮುಷ್ಟಿ ನನ್ನ ಹುಬ್ಬಿಗೆ ಬಿತ್ತು. ನನ್ನ ಮೊಣಕಾಲು ಎಲ್ಲಿಗೆ ಬಿತ್ತೆಂದು ಹೇಳುವುದಿಲ್ಲ. ಇಬ್ಬರೂ ಉರುಳಿದೆವು. ಲ್ಯಾಪ್‌ಟಾಪ್ ಕಲ್ಲಿಗೆ ಬಡಿದು ಚಟ್ ಎಂದಿತು. ಅವನ ಕೈ ನನ್ನ ಜೇಬು ಹರಿಯಿತು.

"ಸಿಕ್ತು! ಪೆನ್‌ಡ್ರೈವ್ ಸಿಕ್ತು ಬಾಸ್!"

ಸಿಗಲಿ. ಪೆನ್‌ಡ್ರೈವಿಗೆ ಎಲ್ಲರೂ ಹೆದರುತ್ತಾರೆ, ಆರು ಹಾಳೆ ಕಾಗದಕ್ಕೆ ಯಾರೂ ಹೆದರುವುದಿಲ್ಲ.

ಲ್ಯಾಪ್‌ಟಾಪ್ ಬಾಚಿಕೊಂಡು ಓಡಿದೆ. ಹೊಲಿಗೆಯವರ ಸಾಲು ಕೋಣೆ, ಹತ್ತು ಮೆಷಿನ್, ಹತ್ತು ಜೊತೆ ಕಣ್ಣು. "ದಾರಿ ಬಿಡಿ!" ಅರ್ಧ ಹೊಲಿದ ಕೋಟೊಂದು ನನ್ನ ಮುಖಕ್ಕೆ ಸುತ್ತಿಕೊಂಡಿತು. "ಅದರ ಅಳತೆ ನಿಮಗಲ್ಲ ಸಾರ್!" ಎಂದ ಒಬ್ಬ. ಕಿತ್ತೆಸೆದು ಗೋಡೆ ಹಾರಿದೆ. ಚಲಿಸುವ ಬಸ್ಸಿನ ಕಂಬಿ ಹಿಡಿದು ಹತ್ತಿದೆ. ತಿರುಗಿ ನೋಡಿದರೆ ಹಿಂದೆ ಯಾರೂ ಇರಲಿಲ್ಲ.

ಅದೇ ನನ್ನನ್ನು ಕೊರೆಯಿತು. ಪೆನ್‌ಡ್ರೈವ್ ಸಿಕ್ಕಿದ ಮೇಲೆ ನನ್ನನ್ನೇ ಬಿಟ್ಟುಬಿಟ್ಟರು. ಅಂದರೆ ಉಳಿದದ್ದನ್ನು ನೋಡಿಕೊಳ್ಳಲು ಮುಂದೆ ಬೇರೆ ಯಾರೋ ಇದ್ದಾರೆ...

ತನಿಖಾ ಕಚೇರಿ. 2 ಗಂಟೆ 20. ಬೆಂಚಿನ ಮೇಲೆ ಅಕ್ಕ, ಕೈಯಲ್ಲಿ ಟೋಕನ್. ಪಕ್ಕದಲ್ಲಿ ಮೀಟರ್ ಅಣ್ಣ. ಎದ್ದು ಓಡಿ ಬಂದ.

"ಅಯ್ಯೋ ತಮ್ಮಾ, ರಕ್ತ! ಪೆನ್‌ಡ್ರೈವ್?"

"ಕಿತ್ಕೊಂಡ್ರು."

ಅವನ ಮುಖಕ್ಕೆ ದುಃಖ ಬಂತು. ಅರ್ಧ ಸೆಕೆಂಡ್ ತಡವಾಗಿ ಬಂತು.

"ಎಲ್ಲಾ ಹೋಯ್ತಾ ಹಾಗಾದ್ರೆ?" ಅಕ್ಕನ ದನಿ ಒಡೆಯಿತು.

"ಇಲ್ಲ ಅಕ್ಕಾ. ತುಂಡುಗಳು ಈ ಲ್ಯಾಪ್‌ಟಾಪ್‌ನಲ್ಲಿವೆ. ಸ್ಕ್ರೀನ್ ಒಡೆದಿದೆ ಅಷ್ಟೆ. ಗುಮಾಸ್ತರ ಮಾನಿಟರಿಗೆ ಸಿಕ್ಕಿಸಿ ಕಾಪಿ ಮಾಡಬೇಕು."

"ಕೊಡು ಇಲ್ಲಿ," ಎಂದ ಮೀಟರ್ ಅಣ್ಣ. "ವೈರು ಸಿಕ್ಕಿಸೋದು ನನ್ನ ಕೆಲಸ. ನೀನು ಮುಖ ತೊಳ್ಕೊಂಡು ಬಾ."

ಕೊಟ್ಟೆ.

ಬೇಕೆಂದೇ ಕೊಟ್ಟೆ. ಯಾಕೆಂದರೆ ನನ್ನ ಬಳಿ ಹದಿನೈದು ಕೋಟಿ ಐವತ್ತಮೂರು ಲಕ್ಷ ಸಾಲುಗಳಿದ್ದವು, ನಿಜ ಯಾವ ಸಾಲಿನಲ್ಲಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಹೆಸರಿಲ್ಲದ ಅರವತ್ತು ಅಂಕಣ ಜಾಲಾಡಲು ತಿಂಗಳು ಬೇಕು. ನನಗಿದ್ದದ್ದು ನೂರು ನಿಮಿಷ. ಆದರೆ ಕಳ್ಳನಿಗೆ ಜಾಗ ಗೊತ್ತಿರುತ್ತದಲ್ಲ? ಅವನು ಮುಟ್ಟಿದ ಕಡೆಯೇ ವಿಳಾಸ!

ನಲ್ಲಿಯ ಬಳಿ ನಿಂತು ಹನ್ನೆರಡು ನಿಮಿಷ ಮುಖ ತೊಳೆದೆ. ಅಕ್ಕ ಹಿಂದೆಯೇ ಬಂದಳು.

"ಇಷ್ಟು ಹೊತ್ತು ಯಾರಾದ್ರೂ ಮುಖ ತೊಳೀತಾರೇನೋ?"

"ಗಾಳ ಹಾಕಿದೀನಿ ಅಕ್ಕಾ. ಮೀನಿಗೆ ಹೊತ್ತು ಕೊಡಬೇಕು."

"ಯಾವ ಮೀನು?"

"ನೋಡೋಣ."

ಅವಳು ನನ್ನನ್ನೇ ದಿಟ್ಟಿಸಿದಳು. ಸೆರಗಿನಿಂದ ನನ್ನ ಹುಬ್ಬು ಒರೆಸಿದಳು. "ಅಣ್ಣನ ಮೇಲೆ ಅನುಮಾನ ಪಡಬೇಡ ಕಣೋ. ಆಸ್ಪತ್ರೇಲಿ ಇವರ ಪಕ್ಕ ಮೂರು ರಾತ್ರಿ ಕೂತಿದ್ರು."

ಕಾಳಜಿಗೋ, ಕಾವಲಿಗೋ...

3 ಗಂಟೆ 25. ಒಳಗೆ ಕರೆದರು.

ತನಿಖಾಧಿಕಾರಿ ಒಬ್ಬ ಹೆಂಗಸು. ನರೆತ ಕೂದಲು, ಚೂಪು ಪೆನ್ಸಿಲ್. ಎದುರಿಗೆ ಮ್ಯಾನೇಜರ್, ಇಸ್ತ್ರಿ ಮಾಡಿದ ನಗು. ಗುಮಾಸ್ತರು ಓದಿದರು.

"ಮುನ್ನೂರ ಅರವತ್ತು ಫೈಲು ಬಂದಿವೆ ಮೇಡಂ. ಸೊನ್ನೆಯಿಂದ ಮುನ್ನೂರ ಐವತ್ತೊಂಬತ್ತು. ಲೆಕ್ಕ ಸರಿಯಾಗಿದೆ."

ಮೀಟರ್ ಅಣ್ಣ ನನ್ನ ಬೆನ್ನು ತಟ್ಟಿದ. "ನೋಡಿದ್ಯಾ? ಒಂದೂ ಕಮ್ಮಿಯಿಲ್ಲ."

ಒಂದು ಕ್ಷಣ ನನಗೇ ಅನುಮಾನ ಬಂತು. ನನ್ನ ಅನುಮಾನದ ಮೇಲೆ.

"ಮೇಡಂ, ಒಂದು ಕೋರಿಕೆ," ಎಂದೆ. "ಬಂದಿರೋ ಫೈಲುಗಳ ಚೆಕ್‌ಸಮ್ ತೆಗೆದು ಈ ಪಟ್ಟಿ ಜೊತೆ ತಾಳೆ ನೋಡಬೇಕು."

ಅಂಗಿಯೊಳಗಿನಿಂದ ಆರು ಪುಟ ತೆಗೆದೆ. ಬೆವರಿಗೆ ಒದ್ದೆಯಾಗಿದ್ದವು. ಅಕ್ಷರ ಅಳಿಸಿರಲಿಲ್ಲ. ಅಜ್ಜಿಯ ಟೋನರ್ ಒಳ್ಳೆಯದು.

ಬೆನ್ನ ಮೇಲಿದ್ದ ಕೈ ಜಾರಿತು.

ಗುಮಾಸ್ತರು ಒಂದೊಂದಾಗಿ ಓದುತ್ತ ಹೋದರು. ಫ್ಯಾನ್ ಕಿರುಗುಟ್ಟಿತು. ನೂರು, ಇನ್ನೂರು, ಮುನ್ನೂರು ತಾಳೆಯಾದವು. ಮ್ಯಾನೇಜರ್ ಗಡಿಯಾರ ನೋಡಿದ. 3 ಗಂಟೆ 46.

"317... ತಾಳೆ ಆಗ್ತಿಲ್ಲ ಮೇಡಂ."

"ಕಾಪಿ ಮಾಡೋವಾಗ ಕೆಟ್ಟಿರತ್ತೆ," ಎಂದ ಮೀಟರ್ ಅಣ್ಣ. ಬೇಗನೆ ಎಂದ. "ಹಳೇ ಕೇಬಲ್ಲು."

"ಇರಬಹುದು," ಎಂದೆ. "ಸಾರ್, ಈಗ ಬಂದಿರೋ 317ರ ಬೆರಳಚ್ಚು ನನ್ನ ಪಟ್ಟಿಯಲ್ಲಿ ಬೇರೆ ಎಲ್ಲಾದ್ರೂ ಇದೆಯಾ ನೋಡಿ."

ಗುಮಾಸ್ತರು ಹುಡುಕಿದರು. ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡರು.

"313. ಎರಡೂ ಒಂದೇ!"

"ಕೇಬಲ್ ಕೆಟ್ಟರೆ ಫೈಲು ಕೆಡತ್ತೆ ಅಣ್ಣಾ. ನಿನ್ನೆ ಆಗಲ್ಲ."

ತನಿಖಾಧಿಕಾರಿ ಪೆನ್ಸಿಲ್ ಕೆಳಗಿಟ್ಟರು. "ಬಿಡಿಸಿ ಹೇಳಿ."

"ದಿನಕ್ಕೆ ನಾಲ್ಕು ತುಂಡು ಮೇಡಂ. 313 ಅಂದ್ರೆ ಫೆಬ್ರವರಿ 17, ಬೆಳಿಗ್ಗೆ ಆರರಿಂದ ಹನ್ನೆರಡು. 317 ಅಂದ್ರೆ ಮಾರನೇ ದಿನ ಅದೇ ಹೊತ್ತು. ಯಾರೋ 18ನೇ ತಾರೀಖಿನ ಬೆಳಗನ್ನ ತೆಗೆದು, ಆ ಜಾಗಕ್ಕೆ ಹಿಂದಿನ ದಿನದ ಬೆಳಗನ್ನ ತುಂಬಿದಾರೆ. ಬೇರೆ ಕಳ್ಳ ಆಗಿದ್ರೆ ಅಳಿಸಿ ಹೋಗ್ತಿದ್ದ. ಖಾಲಿ ಜಾಗ ಕಂಡ್ರೆ ಆಗದವನು ಒಬ್ಬನೇ."

ಅಕ್ಕ ನಿಧಾನವಾಗಿ ತಿರುಗಿದಳು.

"ಬಾಯ್ಲರ್‌ಗೆ ಭಾನುವಾರ ಗೊತ್ತಾ ಅಂದ್ರಲ್ಲ ಅಣ್ಣಾ... ನಾನು ನಕ್ಕಿದ್ದೆ."

ಮೀಟರ್ ಅಣ್ಣ ನೆಲ ನೋಡುತ್ತಿದ್ದ.

"18ರಂದು ಏನಿತ್ತು?" ತನಿಖಾಧಿಕಾರಿ ಫೈಲು ತಿರುವಿದರು. "ವಾರ್ಷಿಕ ತಪಾಸಣೆ. ವಾಲ್ವ್ 10.5 ಬಾರ್‌ಗೆ ತೆರೆದುಕೊಂಡಿತು ಅಂತ ಇನ್‌ಸ್ಪೆಕ್ಟರ್ ಸಹಿ. ಕೆಳಗೆ ಮ್ಯಾನೇಜರ್ ಸಹಿ." ತಲೆಯೆತ್ತಿದರು. "ಆ ಹೊತ್ತಲ್ಲಿ ಆಪರೇಟರ್ ಯಾರು?"

"ನಮ್ಮನೆಯವರದ್ದು ರಾತ್ರಿ ಪಾಳಿ," ಎಂದಳು ಅಕ್ಕ. "ಅವತ್ತು ಬೆಳಿಗ್ಗೆ ಮನೇಲಿ ಮಲಗಿದ್ರು. ಗೊರಕೆಗೆ ನಾನೇ ಸಾಕ್ಷಿ."

"ಆದ್ರೆ ನಿಜವಾದ 317 ಈಗ ಇಲ್ಲವಲ್ಲ!" ಮ್ಯಾನೇಜರ್ ನಗು ಇನ್ನೂ ಮಡಿಕೆ ಬಿಟ್ಟಿರಲಿಲ್ಲ. "ಮೂಲ ಫೈಲೂ ಇಲ್ಲ. ಬರೀ ಊಹೆ ಮೇಡಂ ಇದು."

ಮೂಲ ಫೈಲು ಹೋಗಿರುವುದು ಅವನಿಗೆ ಹೇಗೆ ಗೊತ್ತು? ನಾನು ಕೇಳಲಿಲ್ಲ. ತನಿಖಾಧಿಕಾರಿ ಬರೆದುಕೊಂಡರು.

ಕನ್ನಡಕದ ಡಬ್ಬಿ ತೆರೆದು ಉಗುರಿನಷ್ಟು ಕಾರ್ಡನ್ನು ಮೇಜಿನ ಮೇಲಿಟ್ಟೆ.

ಗುಮಾಸ್ತರು ಸಿಕ್ಕಿಸಿದರು. ಆ 317ರ ಬೆರಳಚ್ಚು ಪಟ್ಟಿಗೆ ತಾಳೆಯಾಯಿತು. ತೆರೆದರು. ಹಿಂದಿನ ತುಂಡನ್ನು ಕೇಳಲಿಲ್ಲ, ಮುಂದಿನದನ್ನು ಕೇಳಲಿಲ್ಲ. ಒಂಟಿಯಾಗಿ, ಪೂರ್ತಿಯಾಗಿ ತೆರೆದುಕೊಂಡಿತು. ಪರದೆಯ ತುಂಬ ಅಂಕಿ. ಅರವತ್ತು ಅಂಕಣ.

"ಇದರಲ್ಲಿ ಬಾಯ್ಲರ್ ಒತ್ತಡ ಯಾವುದು?" ತನಿಖಾಧಿಕಾರಿಯ ಪ್ರಶ್ನೆ ಯಾರಿಗೆಂದು ಎಲ್ಲರಿಗೂ ಗೊತ್ತಿತ್ತು.

ಮ್ಯಾನೇಜರ್ ಕೆಮ್ಮಿದ. "ಆ ಪಟ್ಟಿ ಸುಟ್ಟುಹೋಗಿದೆ..."

"ನಿಮ್ಮನ್ನ ಕೇಳಲಿಲ್ಲ."

ಮೀಟರ್ ಅಣ್ಣ ಜೇಬಿನ ಸ್ಕ್ರೂಡ್ರೈವರ್ ತೆಗೆದು ಮೇಜಿನ ಮೇಲಿಟ್ಟ. ಬಹಳ ಮೆಲ್ಲಗೆ, ಅದಕ್ಕೆ ನೋವಾಗುತ್ತದೋ ಎಂಬಂತೆ.

"ಹೆಸರಿಲ್ಲದ ಅಂಕೀಲಿ ಯಾರಿಗೂ ಸಿಗಲ್ಲ ಅಂದ್ಕೊಂಡು ರೆಕಾರ್ಡ್ ಕೊಟ್ಟೆ. ತಿರುಪು ಬಿಗಿದವನು ನಾನು. ಹಬೆ ಸೋರ್ತಿತ್ತು. ಇನ್‌ಸ್ಪೆಕ್ಟರ್ ಬರೋದ್ರೊಳಗೆ ಬಿಗಿ ಅಂತ ಮ್ಯಾನೇಜರ್ ಅಂದ್ರು, ಬಿಗಿದೆ. ಪರೀಕ್ಷೆ ಮಾಡಿದ್ರು. ಒತ್ತಡ ಏರ್ತಾ ಹೋಯ್ತು, ಅದು ತೆರೀಲೇ ಇಲ್ಲ. ಬೆಂಕಿ ಆರಿಸಿದ್ವಿ. ಆದ್ರೂ ಇಬ್ಬರೂ ಸಹಿ ಹಾಕಿದ್ರು. ನಾಳೆ ಸಡಿಲಿಸೋಣ ಅಂದ್ರು ಮ್ಯಾನೇಜರ್..." ಅಕ್ಕನ ಕಡೆ ನೋಡಲು ಹೋಗಿ ನಿಂತ. "ಹತ್ತು ದಿನ ಆಯ್ತು. ನಾಳೆ ಬರಲಿಲ್ಲ."

"ಅಂಕಣ?"

"ಇಪ್ಪತ್ತಮೂರು."

ನೆನಪಿತ್ತು!

ಗುಮಾಸ್ತರು ಇಪ್ಪತ್ತಮೂರನೆಯ ಅಂಕಣದ ಮೇಲೆ ಬೆರಳಿಟ್ಟು ಕೆಳಗಿಳಿಸಿದರು. ಹನ್ನೊಂದು ಗಂಟೆಗೆ 9.1. ಹನ್ನೊಂದೂ ಐದಕ್ಕೆ 10.5. ವಾಲ್ವ್ ತೆರೆಯಿತೆಂದು ಕಾಗದ ಹೇಳುವ ಜಾಗ ಇದೇ. ಬೆರಳು ನಿಲ್ಲಲಿಲ್ಲ. ಅಂಕಿ ಏರುತ್ತಲೇ ಹೋಯಿತು. ಅಕ್ಕ ನನ್ನ ಮಣಿಕಟ್ಟು ಹಿಡಿದಿದ್ದಳು. ಬಳೆ ಒತ್ತಿದ ಗುರುತು ಎರಡು ದಿನ ಇತ್ತು.

"ಗರಿಷ್ಠ ಎಷ್ಟು?" ತನಿಖಾಧಿಕಾರಿ ಪೆನ್ಸಿಲ್ ಎತ್ತಿಕೊಂಡರು. "ಗಟ್ಟಿಯಾಗಿ ಓದಿ. ದಾಖಲಾಗಲಿ."

ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಎರಡು ನಿಮಿಷ ಬಾಕಿ. ಗುಮಾಸ್ತರು ಗಂಟಲು ಸರಿಮಾಡಿಕೊಂಡರು.

"ಫೆಬ್ರವರಿ 18, ಹನ್ನೊಂದು ಗಂಟೆ ಹದಿನಾಲ್ಕು ನಿಮಿಷ. 13.82 ಬಾರ್."